ನೀತಿ, ಯಥಾರ್ಥ ಮನಸ್ಸು, ದೇವರ ಮೇಲಿನ ಭರವಸೆ: ಕಾಸರಗೋಡಿನ ಕ್ರೈಸ್ತರು ಪದೇ ಪದೇ ಕೇಳುವ ಪ್ರಶ್ನೆಗಳು

ತಲಪಾಡಿಯಿಂದ ಚಂದ್ರಗಿರಿ ಹೊಳೆಯವರೆಗಿನ ಊರುಗಳಲ್ಲಿ ಕನ್ನಡದಲ್ಲಿ ಬೈಬಲ್ ಓದುವ ಕುಟುಂಬಗಳಿಗಾಗಿ ಈ ಪುಟ. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ತುಳು, ಆಫೀಸಿನಲ್ಲಿ ಮಲಯಾಳ, ಪ್ರಾರ್ಥನೆ ಪುಸ್ತಕ ಮಾತ್ರ ಕನ್ನಡ. ನಮ್ಮಲ್ಲಿ ಹೀಗಿರುವವರೇ ಜಾಸ್ತಿ. ಕಥೋಲಿಕರೂ ಸಿಎಸ್‌ಐಯವರೂ (ದಕ್ಷಿಣ ಭಾರತ ಸಭೆಯ ಪ್ರೊಟೆಸ್ಟಂಟರು) ಕೇಳುವ ಪ್ರಶ್ನೆಗಳನ್ನು ಒಟ್ಟಿಗೇ ಇಟ್ಟಿದ್ದೇನೆ. ನಾನು ಪಾದ್ರಿ ಅಲ್ಲ. ಭಾನುವಾರದ ಧರ್ಮೋಪದೇಶ ಕ್ಲಾಸಿನಲ್ಲಿ ಮಕ್ಕಳಿಗೂ ಅವರ ಅಪ್ಪ ಅಮ್ಮಂದಿರಿಗೂ ಉತ್ತರ ಹೇಳಬೇಕಾದವನು, ಅಷ್ಟೆ. ವಚನಗಳನ್ನು ನನ್ನ ಮಾತಿನಲ್ಲೇ ಹೇಳಿದ್ದೇನೆ. ಅಧ್ಯಾಯದ ಸಂಖ್ಯೆ ಕೊಟ್ಟಿರುವುದು ನೀವೇ ತೆರೆದು ನೋಡಲಿ ಅಂತ.

ನೀತಿವಂತ ಅಂದರೆ ಪಾಪವನ್ನೇ ಮಾಡದವನಾ?

ಹಾಗಿದ್ದರೆ ಯೇಸುವನ್ನು ಬಿಟ್ಟು ಬೈಬಲಿನಲ್ಲಿ ಒಬ್ಬನೂ ಸಿಗುತ್ತಿರಲಿಲ್ಲ. ನೋಹ ನೀತಿವಂತ ಅಂತ ಆದಿಕಾಂಡ 6:9 ಹೇಳುತ್ತದೆ. ಅದೇ ನೋಹ ಮೂರು ಅಧ್ಯಾಯ ಕಳೆದ ಮೇಲೆ ಕುಡಿದು ಬಟ್ಟೆಯ ಎಚ್ಚರ ಇಲ್ಲದೆ ಬಿದ್ದಿರುತ್ತಾನೆ. ದಾವೀದ ಊರೀಯನ ಹೆಂಡತಿಯನ್ನು ತೆಗೆದುಕೊಂಡ, ಆಮೇಲೆ ಊರೀಯನನ್ನು ಯುದ್ಧದಲ್ಲಿ ಕೊಲ್ಲಿಸಿದ. ಬೈಬಲ್ ಇದನ್ನೆಲ್ಲ ಮುಚ್ಚಿಡುವುದಿಲ್ಲ. ನೀತಿವಂತ ಏಳು ಸಲ ಬಿದ್ದರೂ ಮತ್ತೆ ಏಳುತ್ತಾನೆ ಅನ್ನುತ್ತದೆ ಜ್ಞಾನೋಕ್ತಿ 24:16. ಬೀಳುವುದೇ ಇಲ್ಲ ಅಂತ ಎಲ್ಲೂ ಹೇಳಿಲ್ಲ.

ಹಾಗಾದರೆ ಯಾರು ನೀತಿವಂತ? 15ನೇ ಕೀರ್ತನೆ ಓದಿ. ಐದೇ ವಚನ. ದೇವರ ಗುಡಾರದಲ್ಲಿ ಉಳಿಯಲು ಯಾರು ಯೋಗ್ಯರು ಅನ್ನುವುದು ಅಲ್ಲಿನ ಪ್ರಶ್ನೆ. ಉತ್ತರದಲ್ಲಿ ಬಲಿ ಇಲ್ಲ, ಉಪವಾಸ ಇಲ್ಲ, ಯಾತ್ರೆ ಇಲ್ಲ. ಮನಸ್ಸಿನಿಂದ ನಿಜ ಹೇಳುವವನು. ಚಾಡಿ ಹೇಳದವನು. ನೆರೆಯವನಿಗೆ ಕೆಟ್ಟದ್ದು ಮಾಡದವನು. ಬಡ್ಡಿಗೆ ಹಣ ಕೊಡದವನು. ತಪ್ಪಿಲ್ಲದವನ ವಿರುದ್ಧ ಲಂಚ ತಿನ್ನದವನು. ನಡುವೆ ಇನ್ನೊಂದು ಮಾತಿದೆ: ಕೊಟ್ಟ ಮಾತಿನಿಂದ ತನಗೇ ನಷ್ಟ ಆದರೂ ಅದನ್ನು ಬದಲಾಯಿಸದವನು.

ನನ್ನ ಮಟ್ಟಿಗೆ ಇಡೀ ವಿಷಯ ಈ ಒಂದು ಮಾತಿನಲ್ಲಿದೆ. ನಷ್ಟ ಇಲ್ಲದ ಕಡೆ ನಾವೆಲ್ಲ ಸತ್ಯವಂತರೇ. ನಷ್ಟ ಬಂದಾಗ ಅದನ್ನು ತಾಳಿಕೊಳ್ಳಲು ಏನಾದರೂ ಆಧಾರ ಬೇಕಲ್ವಾ? ದೇವರ ಮೇಲಿನ ಭರವಸೆ ಕೆಲಸಕ್ಕೆ ಬರುವುದು ಅಲ್ಲಿ. ಮುಂದಿನ ಉತ್ತರಗಳಲ್ಲೂ ಈ ಮಾತು ಮತ್ತೆ ಮತ್ತೆ ಬರುತ್ತದೆ.

ಯಥಾರ್ಥ ಮನಸ್ಸಿಗೆ ಬೈಬಲಿನಲ್ಲಿ ಒಳ್ಳೆಯ ಉದಾಹರಣೆ ಯಾರು?

ಎಲ್ಲರೂ ದಾವೀದ, ಯೋಬ, ನತಾನಯೇಲ ಅನ್ನುತ್ತಾರೆ. ನಾನು ಗೆರಾರಿನ ರಾಜ ಅಬೀಮೆಲೆಕನನ್ನು ತೋರಿಸುತ್ತೇನೆ. ಆದಿಕಾಂಡ 20ನೇ ಅಧ್ಯಾಯ. ಅಬ್ರಹಾಮ ಆ ಊರಿಗೆ ಬಂದ. ಜೀವಭಯದಿಂದ ಸಾರಳನ್ನು ತಂಗಿ ಅಂದ. ಹೆಂಡತಿ ಅನ್ನಲಿಲ್ಲ. ರಾಜ ನಂಬಿದ, ಅವಳನ್ನು ಅರಮನೆಗೆ ಕರೆಸಿಕೊಂಡ. ರಾತ್ರಿ ಕನಸಿನಲ್ಲಿ ದೇವರು, ಅವಳು ಮದುವೆಯಾದವಳು, ನೀನು ಸತ್ತೆ ಅಂತ ತಿಳಿದುಕೋ ಅಂದರು. ರಾಜ ಕೇಳಿದ: ಅವನೇ ತಂಗಿ ಅಂದ, ಅವಳೂ ಅಣ್ಣ ಅಂದಳು. ನಾನು ಶುದ್ಧ ಮನಸ್ಸಿನಿಂದಲೇ ಇದನ್ನು ಮಾಡಿದೆ. ದೇವರು ಹೌದು ಅಂದರು. ನನಗೂ ಗೊತ್ತು, ಅದಕ್ಕೇ ನಿನ್ನನ್ನು ಅವಳನ್ನು ಮುಟ್ಟದ ಹಾಗೆ ತಡೆದೆ ಅಂದರು.

ಇಲ್ಲಿ ಸುಳ್ಳು ಹೇಳಿದವನು ನಂಬಿಕೆಯ ತಂದೆ. ಮನಸ್ಸು ಶುದ್ಧ ಇದ್ದವನು ಹೊರಗಿನವನು. ನಾವು ಕಾಸರಗೋಡಿನವರು ಇದನ್ನು ಚೆನ್ನಾಗಿ ಅರ್ಥ ಮಾಡಿಕೊಳ್ಳಬೇಕು. ನಮ್ಮ ಮನೆಯ ಒಂದು ಕಡೆ ಮುಸ್ಲಿಮರು, ಇನ್ನೊಂದು ಕಡೆ ಹಿಂದುಗಳು. ಮಾತಿಗೆ ತಪ್ಪದ ಎಷ್ಟು ಜನರನ್ನು ಅಲ್ಲಿ ನೋಡಿಲ್ಲ? ಯೇಸುವಿನ ಕೊನೆಯ ದಿನದ ಮೇಲೆ ಕನ್ನಡದಲ್ಲಿ ಖಂಡಕಾವ್ಯ ಬರೆದ ಮಂಜೇಶ್ವರದ ಗೋವಿಂದ ಪೈಗಳೂ (1883–1963) ಕ್ರೈಸ್ತರಲ್ಲ. ಯಥಾರ್ಥತೆ ನಮ್ಮ ಇಗರ್ಜಿಯ ಕಾಂಪೌಂಡಿನೊಳಗೆ ಮಾತ್ರ ಉಂಟು ಅಂದುಕೊಳ್ಳುವವರಿಗೆ ಈ ಅಧ್ಯಾಯ ಸ್ವಲ್ಪ ಮುಜುಗರ ಕೊಡುತ್ತದೆ. ಕೊಡಲಿ.

ಹಾಗಾದರೆ ಮನಸ್ಸು ಚೆನ್ನಾಗಿದ್ದರೆ ಸಾಕು, ಅಲ್ವಾ?

ಅದೇ ಅಧ್ಯಾಯದಲ್ಲಿ ಉತ್ತರ ಇದೆ. ನಿನ್ನ ಮನಸ್ಸು ಶುದ್ಧ ಅಂದ ದೇವರೇ, ಈಗ ಅವಳನ್ನು ಹಿಂದೆ ಕಳಿಸು ಅಂತಲೂ ಅಂದರು. ಗೊತ್ತಿಲ್ಲದೆ ಮಾಡಿದ್ದು ಗೊತ್ತಾದ ಮೇಲೂ ಹಾಗೇ ಮುಂದುವರಿದರೆ, ಮನಸ್ಸು ಚೆನ್ನಾಗಿತ್ತು ಅನ್ನುವ ಮಾತು ನಡೆಯುವುದಿಲ್ಲ. ಅಬೀಮೆಲೆಕ ಬೆಳಗ್ಗೆ ಬೇಗ ಎದ್ದು ಮೊದಲು ಅದನ್ನೇ ಸರಿ ಮಾಡಿದ.

ಅಡಿಕೆ ವ್ಯಾಪಾರದಲ್ಲಿ ಎಲ್ಲರೂ ಸ್ವಲ್ಪ ಬೆರಸುತ್ತಾರೆ ಮಾರಾಯ್ರೆ. ಅಂಗಡಿಯವನು ತೂಕದಲ್ಲಿ ಹೊಡೆಯುತ್ತಾನೆ, ನಾವು ಚಾಲಿಯ (ಒಣಗಿಸಿ ಸುಲಿದ ಅಡಿಕೆ) ನಡುವೆ ನಾಲ್ಕು ಪಟೋರ (ಕಡಿಮೆ ದರ್ಜೆಯದು) ಹಾಕುತ್ತೇವೆ. ಇದೂ ಪಾಪವಾ?

ಈ ಪ್ರಶ್ನೆ ಬದಿಯಡ್ಕ, ಪೆರ್ಲದ ಕಡೆಯಿಂದ ಜಾಸ್ತಿ ಬರುತ್ತದೆ. ಕೇಳುವವರು ನಗುತ್ತಾ ಕೇಳುತ್ತಾರೆ. ಆದರೆ ಬೈಬಲ್ ಈ ವಿಷಯದಲ್ಲಿ ನಗುವುದಿಲ್ಲ.

ಧರ್ಮೋಪದೇಶಕಾಂಡ 25:13ರಲ್ಲಿ, ನಿನ್ನ ಚೀಲದಲ್ಲಿ ದೊಡ್ಡದು ಚಿಕ್ಕದು ಅಂತ ಎರಡು ತೂಕದ ಕಲ್ಲು ಇರಬಾರದು ಅಂತ ಇದೆ. ಆಗ ಕಲ್ಲೇ ತೂಕ. ಕೊಳ್ಳುವಾಗ ದೊಡ್ಡ ಕಲ್ಲು ಇಟ್ಟರೆ ಅದೇ ದುಡ್ಡಿಗೆ ಜಾಸ್ತಿ ಮಾಲು ಸಿಗುತ್ತದೆ. ಮಾರುವಾಗ ಚಿಕ್ಕ ಕಲ್ಲು ಇಟ್ಟರೆ ಕಡಿಮೆ ಕೊಟ್ಟು ಪೂರ್ತಿ ದುಡ್ಡು ತೆಗೆದುಕೊಳ್ಳಬಹುದು. ಚೀಲದಲ್ಲಿ ಎರಡೂ ಇರುತ್ತಿದ್ದವು, ಎದುರಿಗೆ ಯಾರಿದ್ದಾರೆ ನೋಡಿ ತೆಗೆಯುತ್ತಿದ್ದರು. ಆಮೋಸನ ಪುಸ್ತಕದ 8ನೇ ಅಧ್ಯಾಯದ ವ್ಯಾಪಾರಿಗಳಂತೂ ಸಬ್ಬತ್ ಯಾವಾಗ ಮುಗಿಯುತ್ತದೆ, ಅಳತೆ ಚಿಕ್ಕದು ಮಾಡಿ ಗೋಧಿಯ ಕಸವನ್ನೂ ಮಾರೋಣ ಅಂತ ಕಾಯುತ್ತಿದ್ದರು. ಪೂಜೆಯಲ್ಲಿ ಕೂತವರ ತಲೆಯಲ್ಲಿ ಮಾರುಕಟ್ಟೆ. ಇದು ಕ್ರಿಸ್ತನಿಗೆ ಎಂಟುನೂರು ವರ್ಷದಷ್ಟು ಹಿಂದಿನ ಮಾತು. ಜನ ಏನೂ ಬದಲಾಗಿಲ್ಲ.

ಎರಡು ಕಲ್ಲು ಅಂದರೆ ನಮ್ಮ ಲೆಕ್ಕದಲ್ಲಿ ಏನು? ಸರಿಯಾಗಿ ಒಣಗದ ಅಡಿಕೆಯನ್ನು ತೂಕಕ್ಕಾಗಿ ಬೇಗ ಕೊಡುವುದು. ಹಳೆ ಅಡಿಕೆಗೆ ಧಾರಣೆ ಜಾಸ್ತಿ ಅಂತ ಅದರ ಚೀಲಕ್ಕೆ ಹೊಸದು ಸೇರಿಸುವುದು. ಮೇಲೆ ಒಳ್ಳೆಯ ಮಾಲು, ನಡುವೆ ಕಪ್ಪಾದ ಕರಿಗೋಟು. ಕೊಳ್ಳುವವನ ಕಡೆಯಿಂದ ನೋಡಿದರೆ, ಎಲ್ಲವನ್ನೂ ಉಳ್ಳಿ (ಕೆಳದರ್ಜೆ) ಅಂತ ಬದಿಗೆ ಹಾಕಿ ದರ ಇಳಿಸುವುದು. ಅವನು ಹೊಡೆಯುತ್ತಾನೆ ಅನ್ನುವುದು ನಿಜ ಇರಬಹುದು. ಅದಕ್ಕೆ ದಾರಿ ಬೇರೆ ಇದೆ. ತಕ್ಕಡಿಗೆ ಮುದ್ರೆ ಹಾಕುವ ಲೀಗಲ್ ಮೆಟ್ರಾಲಜಿ ಇಲಾಖೆಗೆ ದೂರು ಕೊಡಿ. ಮನೆಯಲ್ಲೇ ತೂಗಿ ಚೀಟಿ ಬರೆದು ತೆಗೆದುಕೊಂಡು ಹೋಗಿ. ಬೇರೆ ಕಡೆ ಮಾರಿ. ಅಡಿಕೆ ಬೆಳೆಗಾರರೇ ಸೇರಿ 1973ರಲ್ಲಿ ಕಟ್ಟಿದ ಕ್ಯಾಂಪ್ಕೊ ಕರ್ನಾಟಕ, ಕೇರಳ ಎರಡೂ ಕಡೆಯ ಬೆಳೆಗಾರರ ಸಹಕಾರಿ. ವ್ಯಾಪಾರಿಯ ಕೈಯಲ್ಲಿ ಸಿಕ್ಕಿಬಿದ್ದವರು ಒಟ್ಟಾಗಿ ಹುಡುಕಿಕೊಂಡ ನ್ಯಾಯದ ದಾರಿ ಅದು. ಮೋಸಕ್ಕೆ ಮೋಸ ಸೇರಿಸಿದರೆ ನಿಮ್ಮ ಚೀಲದಲ್ಲೂ ಎರಡು ಕಲ್ಲು ಬಂದು ಕೂರುತ್ತದೆ.

ಬೆರಸದೆ ಕೊಟ್ಟರೆ ಆ ವರ್ಷ ಸ್ವಲ್ಪ ಕಡಿಮೆ ದುಡ್ಡು ಬರಬಹುದು. ಬರುವುದಿಲ್ಲ ಅಂತ ನಾನು ಹೇಳುವುದಿಲ್ಲ.

ರೇಷನ್ ಕಾರ್ಡ್ ಪಿಂಕ್ ಇದೆ. ಈಗ ಮಗ ಗಲ್ಫಿನಿಂದ ಕಳಿಸುತ್ತಾನೆ, ಕಾರು ಬಂದಿದೆ. ಕಾರ್ಡ್ ಹಾಗೇ ಇಟ್ಟುಕೊಂಡರೆ ತಪ್ಪೇನು? ಸರಕಾರದ್ದು ತಾನೆ?

ಪಿಂಕ್ ಅಂದರೆ ಬಡವರ ಆದ್ಯತಾ ಕಾರ್ಡ್. ಕೇರಳದಲ್ಲಿ ಅದಕ್ಕೆ ನಿಯಮ ಇದೆ. ಒಂದು ಎಕರೆಗಿಂತ ಜಾಸ್ತಿ ಜಾಗ, 1000 ಚದರಡಿಗಿಂತ ದೊಡ್ಡ ಮನೆ, ಸ್ವಂತಕ್ಕೆ ನಾಲ್ಕು ಚಕ್ರದ ಗಾಡಿ ಇದ್ದವರಿಗೆ ಅದು ಸಿಗುವುದಿಲ್ಲ. ಹೊಟ್ಟೆಪಾಡಿಗೆ ಓಡಿಸುವ ಟ್ಯಾಕ್ಸಿಗೆ ವಿನಾಯಿತಿ ಉಂಟು. ಅನರ್ಹರು ತಾವಾಗಿಯೇ ಕಾರ್ಡ್ ಬದಲಾಯಿಸಿಕೊಂಡರೆ ದಂಡ ಇಲ್ಲ ಅಂತ 2021ರಲ್ಲಿ ಸರಕಾರ ಸಮಯ ಕೊಟ್ಟದ್ದೂ ಇದೆ.

ಸರಕಾರದ್ದು ಅನ್ನುವ ಮಾತು ಸುಮ್ನೆ ಒಂದು ಪರದೆ. ಆದ್ಯತೆಯ ಪಟ್ಟಿಗೆ ಮಿತಿ ಇದೆ. ನೀವು ಕೂತ ಜಾಗದಲ್ಲಿ ಬೀಡಿ ಕಟ್ಟಿ ಬದುಕುವ ಒಬ್ಬ ವಿಧವೆ ಕೂರಬೇಕಿತ್ತು. ಅವಳು ಆದ್ಯತೆ ಇಲ್ಲದ ಬಿಳಿ ಕಾರ್ಡ್ ಹಿಡಿದು ಅಕ್ಷಯ ಕೇಂದ್ರಕ್ಕೂ ಸಪ್ಲೈ ಆಫೀಸಿಗೂ ಅಲೆಯುತ್ತಿರುತ್ತಾಳೆ. 15ನೇ ಕೀರ್ತನೆ ಹೇಳುವ ನೆರೆಯವಳು ಅವಳೇ. ವಿಲ್ಲೇಜ್ ಆಫೀಸಿನಲ್ಲಿ ಆದಾಯ ಕಡಿಮೆ ತೋರಿಸಿ ಸರ್ಟಿಫಿಕೇಟ್ ತೆಗೆದುಕೊಂಡು ಮಗಳಿಗೆ ಸ್ಕಾಲರ್‌ಶಿಪ್ ಮಾಡಿಸುವುದಕ್ಕೂ ಇದೇ ಉತ್ತರ. ಆ ಸ್ಕಾಲರ್‌ಶಿಪ್ಪಿಗೆ ಇನ್ನೊಂದು ಹುಡುಗಿಯ ಹೆಸರಿತ್ತು.

ನೀತಿಯಿಂದ ನಡೆದರೆ ದೇವರು ಆಶೀರ್ವಾದ ಕೊಡುತ್ತಾರೆ ಅಂತ ಟಿವಿಯಲ್ಲಿ ಹೇಳುತ್ತಾರೆ. ನನಗೆ ಯಾಕೆ ಬರಲಿಲ್ಲ?

ಟಿವಿಯವರು ಅರ್ಧ ಬೈಬಲ್ ಓದುತ್ತಾರೆ. ವಿಧೇಯರಿಗೆ ಬೆಳೆ, ಹಸು, ಮಕ್ಕಳು ಎಲ್ಲ ಚೆನ್ನಾಗಿರುತ್ತದೆ ಅನ್ನುವ ಧರ್ಮೋಪದೇಶಕಾಂಡ 28 ನಿಜ. ಒಂದು ಸಮಾಜ ನ್ಯಾಯವಾಗಿ ನಡೆದರೆ ಒಟ್ಟಿನಲ್ಲಿ ಬದುಕು ಚೆನ್ನಾಗಿರುತ್ತದೆ. ಆದರೆ ಅದೇ ಬೈಬಲಿನಲ್ಲಿ ಯೋಬನ ಪುಸ್ತಕವೂ ಇದೆ. ಅಲ್ಲಿ ಸೈತಾನ ಕೇಳುವ ಪ್ರಶ್ನೆ ನಿಮ್ಮ ಪ್ರಶ್ನೆಯ ಇನ್ನೊಂದು ಮುಖ: ಯೋಬ ಸುಮ್ನೆ ದೇವರಿಗೆ ಹೆದರುತ್ತಾನಾ? ನೀನು ಅವನ ಸುತ್ತ ಬೇಲಿ ಹಾಕಿ ಕಾಪಾಡಿದ್ದಕ್ಕೆ ತಾನೆ? ಅಂದರೆ, ಲಾಭ ತೆಗೆದರೆ ನೀತಿಯೂ ಹೋಗುತ್ತದೆ ಅನ್ನುವುದು ಅವನ ಲೆಕ್ಕ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಹೋಯಿತು. ಹೆಂಡತಿ, ಇನ್ನೂ ನಿನ್ನ ಯಥಾರ್ಥತೆ ಹಿಡಿದುಕೊಂಡು ಕೂತಿದ್ದೀಯಾ ಅಂದಳು. (ಆ ಹೆಂಗಸನ್ನು ಪ್ರಸಂಗಗಳಲ್ಲಿ ಬೈಯುತ್ತಾರೆ. ಅವಳೂ ಅದೇ ಮಕ್ಕಳನ್ನು ಕಳಕೊಂಡವಳು ಅನ್ನುವುದನ್ನು ಯಾರೂ ಹೇಳುವುದಿಲ್ಲ.) ಯೋಬ 27:5ರಲ್ಲಿ, ಸಾಯುವವರೆಗೂ ಅದನ್ನು ಬಿಡುವುದಿಲ್ಲ ಅನ್ನುತ್ತಾನೆ.

ದಾನಿಯೇಲ 3ನೇ ಅಧ್ಯಾಯದಲ್ಲಿ ಮೂವರು ಯುವಕರು ಬೆಂಕಿಯ ಎದುರು ನಿಂತಿದ್ದಾರೆ. ನಮ್ಮ ದೇವರು ಬಿಡಿಸಬಲ್ಲರು ಅನ್ನುತ್ತಾರೆ. ಅಲ್ಲಿಗೆ ನಿಲ್ಲಿಸಬಹುದಿತ್ತು. 18ನೇ ವಚನದಲ್ಲಿ ಸೇರಿಸುತ್ತಾರೆ: ಬಿಡಿಸದೆ ಹೋದರೂ ನಿನ್ನ ಪ್ರತಿಮೆಗೆ ಅಡ್ಡಬೀಳುವುದಿಲ್ಲ. ಭರವಸೆ ಏನು ಅಂತ ಮಕ್ಕಳು ಕೇಳಿದರೆ ನಾನು ಈ ವಚನ ಓದಿಸುತ್ತೇನೆ. ಅವರಿಗೆ ಬಿಡುಗಡೆಯ ಖಾತ್ರಿ ಇರಲಿಲ್ಲ. ದೇವರು ಯಾರು ಅನ್ನುವುದು ಖಾತ್ರಿ ಇತ್ತು.

ನಿಮಗೆ ಯಾಕೆ ಬರಲಿಲ್ಲ ಅನ್ನುವುದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಇದೆ ಅನ್ನುವವರ ಹತ್ತಿರ ಹುಷಾರಾಗಿರಿ. ವಿಶೇಷವಾಗಿ ಅವರು ಕಾಣಿಕೆಯ ಅಕೌಂಟ್ ನಂಬರ್ ಕೊಟ್ಟರೆ.

ಎಂಡೋಸಲ್ಫಾನ್ ಮಕ್ಕಳು ಏನು ಪಾಪ ಮಾಡಿದ್ದರು?

ಏನೂ ಇಲ್ಲ. ಇದಕ್ಕೆ ಬೇರೆ ಉತ್ತರ ಕೊಡುವವರನ್ನು ನಂಬಬೇಡಿ.

ಸರಕಾರಿ ಒಡೆತನದ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸಿಂಪಡಿಸಿದರು. ಎಣ್ಮಕಜೆ ಪಂಚಾಯತಿನ ಪಡ್ರೆ, ಸ್ವರ್ಗ ಮುಂತಾದ ಕಡೆ ತೋಟ ಮೇಲೆ, ಮನೆ ಕೆಳಗೆ. ಮದ್ದು ತೋಡಿಗೂ ಬಾವಿಗೂ ಇಳಿಯಿತು. ಹುಟ್ಟಿದ ಮಕ್ಕಳಲ್ಲಿ ಅಂಗವೈಕಲ್ಯ, ಬುದ್ಧಿ ಬೆಳವಣಿಗೆಯ ತೊಂದರೆ ಕಂಡಾಗ ಜನ ಮೊದಲು ಅಂದದ್ದೇನು? ದೈವದ ಕೋಪ, ನಾಗನ ಶಾಪ, ಹಿರಿಯರ ಪಾಪ. ನಮ್ಮವರೂ ಇದಕ್ಕೆ ಹೊರತಲ್ಲ. ಪ್ರಾರ್ಥನೆ ಸಾಲದು, ಮನೆಯಲ್ಲಿ ಏನೋ ಗುಪ್ತ ಪಾಪ ಇದೆ ಅನ್ನುವ ಕ್ರೈಸ್ತರೂ ಇದ್ದಾರೆ.

ಯೋಬನ ಸ್ನೇಹಿತರು ಅಂದದ್ದು ಇದನ್ನೇ. ನೀನು ಏನೋ ಮಾಡಿರಬೇಕು, ಇಲ್ಲದಿದ್ದರೆ ಹೀಗಾಗುತ್ತಿರಲಿಲ್ಲ. ಪುಸ್ತಕದ ಕೊನೆಯಲ್ಲಿ, 42:7ರಲ್ಲಿ, ದೇವರು ಅವರ ಮೇಲೆ ಸಿಟ್ಟಾಗುತ್ತಾರೆ. ದೇವರಿಗೆ ಎದುರು ಮಾತಾಡಿದ ಯೋಬನದ್ದೇ ಸರಿ ಅನ್ನುತ್ತಾರೆ. ಹುಟ್ಟುಕುರುಡನನ್ನು ನೋಡಿ ಶಿಷ್ಯರು, ಇವನ ಪಾಪವೋ ತಂದೆತಾಯಿಯ ಪಾಪವೋ ಅಂದಾಗ ಯೇಸು ಎರಡೂ ಅಲ್ಲ ಅಂದರು (ಯೋಹಾನ 9). ಸಿಲೋವದ ಗೋಪುರ ಬಿದ್ದು 18 ಜನ ಸತ್ತಾಗಲೂ, ಅವರು ಬೇರೆಯವರಿಗಿಂತ ಪಾಪಿಗಳೇನೂ ಅಲ್ಲ ಅಂದರು (ಲೂಕ 13:4).

ಪಾಪ ಇತ್ತು, ಆದರೆ ಆ ಮನೆಗಳಲ್ಲಿ ಇರಲಿಲ್ಲ. ಜನ ಬದುಕುವ ಗುಡ್ಡದ ಮೇಲೆ ವಿಷ ಹಾಕಿದ್ದು, ಜನ ಕೇಳಿದಾಗ ಏನೂ ಆಗುವುದಿಲ್ಲ ಅಂದದ್ದು, ಅದು ಅನೀತಿ. ನೀತಿ ಅಂದರೆ ನಮ್ಮ ನಮ್ಮ ಒಳ್ಳೆಯತನ ಅಂತಷ್ಟೇ ತಿಳಿದವರು ಆಮೋಸ 5:24 ಓದಬೇಕು. ನ್ಯಾಯ ಹೊಳೆಯಂತೆ ಹರಿಯಲಿ ಅನ್ನುತ್ತಾನೆ ಅವನು.

ಇಂಥ ಕಡೆ ದೇವರ ಮೇಲೆ ಭರವಸೆ ಇಡುವುದು ಅಂದರೆ ಬಾಯಿ ಮುಚ್ಚಿ ಸಹಿಸುವುದು ಅಂತ ತುಂಬಾ ಜನ ತಿಳಿದಿದ್ದಾರೆ. ಲೂಕ 18ರ ವಿಧವೆಯನ್ನು ನೋಡಿ. ನ್ಯಾಯ ಕೊಡದ ನ್ಯಾಯಾಧೀಶನ ಬಾಗಿಲಿಗೆ ಮತ್ತೆ ಮತ್ತೆ ಹೋಗುತ್ತಾಳೆ. ಯೇಸು ಅವಳನ್ನು ಪ್ರಾರ್ಥನೆಗೆ ಉದಾಹರಣೆ ಮಾಡಿದರು. ತಿರುವನಂತಪುರದ ಸೆಕ್ರೆಟರಿಯೇಟಿನ ಎದುರು ಮಕ್ಕಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತ ನಮ್ಮ ಜಿಲ್ಲೆಯ ತಾಯಂದಿರು ಆ ವಿಧವೆಯ ಸಾಲಿನವರು. ಬೇರೆ ಬೇರೆ ಧರ್ಮದವರು. 2011ರಲ್ಲಿ ಸುಪ್ರೀಂ ಕೋರ್ಟು ಎಂಡೋಸಲ್ಫಾನನ್ನು ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ 5 ಲಕ್ಷ ರೂಪಾಯಿ ಪರಿಹಾರ ಕೊಡಿ ಅಂತ ರಾಜ್ಯಕ್ಕೆ ಹೇಳಿತು. ಆಮೇಲೂ ಅವರು ಬೀದಿಗೆ ಬರಬೇಕಾಯಿತು. ಅಂಥ ಮನೆಗೆ ಹೋದರೆ ವಚನ ಹೇಳಬೇಡಿ. ಮಗುವನ್ನು ಒಂದು ಮಧ್ಯಾಹ್ನ ನೋಡಿಕೊಂಡು, ಆ ತಾಯಿಗೆ ಸ್ವಲ್ಪ ನಿದ್ದೆ ಮಾಡಲು ಬಿಡಿ.

ಭರವಸೆ ಇದ್ದರೆ ಮದ್ದು ಬಿಡಬೇಕಾ? ವಿಮೆ ಮಾಡಿಸಬಾರದಾ?

ಎರಡೂ ಬೇಡದ ಹಟ. ರಾಜ ಹಿಜ್ಕೀಯನ ಹುಣ್ಣಿಗೆ ಪ್ರವಾದಿ ಯೆಶಾಯ ಅಂಜೂರದ ಮುದ್ದೆ ಕಟ್ಟಿಸಿದ (2 ಅರಸು 20:7). ಪ್ರಾರ್ಥನೆಯೂ ಆಗಿತ್ತು, ಮದ್ದೂ ಆಯಿತು. ಯೋಸೇಫ ಏಳು ವರ್ಷ ಧಾನ್ಯ ಕೂಡಿಟ್ಟ. ಶುಗರಿನ ಮಾತ್ರೆ ನಿಲ್ಲಿಸಿ ಧ್ಯಾನಕೂಟಕ್ಕೆ ಹೋಗುವವರನ್ನು ದಯವಿಟ್ಟು ತಡೆಯಿರಿ. ಗುಡಿಯ ತುದಿಯಿಂದ ಹಾರು, ದೇವದೂತರು ಹಿಡಿಯುತ್ತಾರೆ ಅಂದವನು ಯಾರು ಅಂತ ಮತ್ತಾಯ 4ರಲ್ಲಿ ಇದೆ.

ಸ್ನೇಹಿತನ ಸಾಲಕ್ಕೆ ಜಾಮೀನು ನಿಲ್ಲಲು ಕೇಳುತ್ತಿದ್ದಾನೆ. ಇಲ್ಲ ಅಂದರೆ ನಂಬಿಕೆ ಇಲ್ಲದವನಾಗುತ್ತೇನಾ?

ಸೊಸೈಟಿ ಸಾಲ, ಚಿಟ್ಟಿ, ಬ್ಯಾಂಕು, ಎಲ್ಲ ಕಡೆ ಇದು ನಡೆಯುತ್ತದೆ. ಜ್ಞಾನೋಕ್ತಿಗಳ ಪುಸ್ತಕ ಇದರಲ್ಲಿ ಬಹಳ ಖಡಕ್. ಜಾಮೀನು ನಿಂತಿದ್ದರೆ ನಿದ್ದೆ ಮಾಡದೆ ಹೋಗಿ ಬಿಡಿಸಿಕೋ ಅನ್ನುತ್ತದೆ 6ನೇ ಅಧ್ಯಾಯ. ನೀನು ಮಲಗುವ ಹಾಸಿಗೆ ಯಾಕೆ ಹೋಗಬೇಕು ಅಂತ ಕೇಳುತ್ತದೆ 22:27. ಕೈಲಾದಷ್ಟು ದುಡ್ಡು ಕೊಟ್ಟುಬಿಡಿ, ವಾಪಸು ಬರದಿದ್ದರೂ ಪರವಾಗಿಲ್ಲ ಅನ್ನುವಷ್ಟು. ಸಹಿ ಬೇಡ. ಈಗಾಗಲೇ ಹಾಕಿದ್ದರೆ, ಅವನು ಕಟ್ಟದಿದ್ದಾಗ ಕಟ್ಟುವುದು ನಿಮ್ಮ ಮಾತು. 15ನೇ ಕೀರ್ತನೆ ಆಗ ನಿಮ್ಮ ಮೇಲೆ ಬರುತ್ತದೆ.

ನಾನು ಕಥೋಲಿಕಳು, ಗಂಡ ಸಿಎಸ್‌ಐ. ನಂಬಿಕೆ ಒಂದರಿಂದಲೇ ನೀತಿವಂತರಾಗುತ್ತೇವೆ ಅಂತ ಅತ್ತೆ. ಒಳ್ಳೆಯ ಕೆಲಸ ಬೇಕು ಅಂತ ನಮ್ಮಮ್ಮ. ಯಾರು ಸರಿ?

ಈ ಜಗಳಕ್ಕೆ ಐನೂರು ವರ್ಷ. 1517ರಲ್ಲಿ ಮಾರ್ಟಿನ್ ಲೂಥರ್ ಶುರು ಮಾಡಿದ ವಾದದ ನಡುವಿನಲ್ಲಿ ಇದೇ ಇತ್ತು. 1547ರಲ್ಲಿ ಟ್ರೆಂಟ್ ಮಹಾಸಭೆ ಕಥೋಲಿಕರ ಉತ್ತರ ಬರೆಯಿತು. ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಶನ್ನಿನವರು ಲೂಥರನ ಮಾತು ಹಿಡಿದು ಬಂದರು, ಅವರಿಗಿಂತ ಮೊದಲೇ ಇಲ್ಲಿದ್ದ ಕೊಂಕಣಿ ಕಥೋಲಿಕರು ಟ್ರೆಂಟಿನ ಮಾತು ಹಿಡಿದಿದ್ದರು. ಆ ಎರಡು ಮಾತುಗಳು ಈಗ ನಿಮ್ಮ ಅಡುಗೆಮನೆಯಲ್ಲಿ ಎದುರುಬದುರಾಗಿವೆ.

ಪೌಲನೂ ಯಾಕೋಬನೂ ಇಬ್ಬರೂ ಅಬ್ರಹಾಮನನ್ನೇ ಸಾಕ್ಷಿಗೆ ಕರೆಯುತ್ತಾರೆ. ರೋಮಾಪುರದವರಿಗೆ ಬರೆದ ಪತ್ರದ 4ನೇ ಅಧ್ಯಾಯದಲ್ಲಿ ಪೌಲ ತೋರಿಸುವುದು ಆದಿಕಾಂಡ 15ರ ರಾತ್ರಿಯನ್ನು. ಮಕ್ಕಳಿಲ್ಲದ ಮುದುಕ ನಕ್ಷತ್ರ ನೋಡಿ ದೇವರ ಮಾತನ್ನು ನಂಬಿದ, ದೇವರು ಅದನ್ನೇ ನೀತಿ ಅಂತ ಎಣಿಸಿದರು. ಆಗ ಅವನು ಏನೂ ಮಾಡಿರಲಿಲ್ಲ. ಯಾಕೋಬ ತನ್ನ 2ನೇ ಅಧ್ಯಾಯದಲ್ಲಿ ತೋರಿಸುವುದು ಆದಿಕಾಂಡ 22ನ್ನು, ವರ್ಷಗಟ್ಟಲೆ ಆದ ಮೇಲೆ ಇಸಾಕನನ್ನು ಕರೆದುಕೊಂಡು ಬೆಟ್ಟ ಹತ್ತಿದ ದಿನವನ್ನು. ಒಬ್ಬನೇ ಮನುಷ್ಯ. ಶುರುವಾದದ್ದು ಅಲ್ಲಿ, ಕಾಣಿಸಿದ್ದು ಇಲ್ಲಿ. ಬೆಟ್ಟ ಹತ್ತದ ನಂಬಿಕೆಗೆ ಯಾಕೋಬ ಸತ್ತ ನಂಬಿಕೆ ಅನ್ನುತ್ತಾನೆ. ದೆವ್ವಗಳೂ ನಂಬುತ್ತವೆ, ನಂಬಿ ನಡುಗುತ್ತವೆ ಅಂತ ಚುಚ್ಚುತ್ತಾನೆ.

1999ರ ಅಕ್ಟೋಬರ್ 31ರಂದು ಜರ್ಮನಿಯ ಔಗ್ಸ್‌ಬರ್ಗಿನಲ್ಲಿ ಕಥೋಲಿಕ ಸಭೆಯೂ ಲೂಥರನ್ ಸಭೆಗಳ ಒಕ್ಕೂಟವೂ ಒಂದು ಜಂಟಿ ಹೇಳಿಕೆಗೆ ಸಹಿ ಹಾಕಿದವು. ಅದರ ತಿರುಳು ಇಷ್ಟು: ನಮ್ಮ ಯೋಗ್ಯತೆಯಿಂದ ದೇವರು ನಮ್ಮನ್ನು ಸ್ವೀಕರಿಸುವುದಿಲ್ಲ, ಕೃಪೆಯಿಂದ, ಕ್ರಿಸ್ತನ ಮೇಲಿನ ನಂಬಿಕೆಯಲ್ಲಿ ಸ್ವೀಕರಿಸುತ್ತಾರೆ. ಸ್ವೀಕರಿಸಿದವರನ್ನು ಒಳ್ಳೆಯ ಕೆಲಸಕ್ಕೆ ಅಣಿಮಾಡುತ್ತಾರೆ. ಮುಂದೆ ಮೆಥೊಡಿಸ್ಟರೂ ರಿಫಾರ್ಮ್ಡ್ ಸಭೆಗಳೂ ಒಪ್ಪಿಕೊಂಡವು. ಭೇದ ಪೂರ್ತಿ ಹೋಗಿಲ್ಲ. ಆದರೆ ದೊಡ್ಡವರು ಸಹಿ ಹಾಕಿ ಇಷ್ಟು ವರ್ಷ ಆದ ಮೇಲೂ ಸುದ್ದಿ ನಮ್ಮ ಅತ್ತೆಯಂದಿರಿಗೆ ತಲುಪಿಲ್ಲ. ನೀವು ತಲುಪಿಸಬಹುದು. ಊಟದ ಹೊತ್ತಿಗೆ ಮಾತ್ರ ಬೇಡ.

ನೆರೆಮನೆಯವರು ದೈವದ ಕೋಲಕ್ಕೆ ಕರೆಯುತ್ತಾರೆ. ಹೋದರೆ ದೇವರಿಗೆ ದ್ರೋಹವಾ? ಹೋಗದಿದ್ದರೆ ಅವರಿಗೆ ಬೇಸರ.

ಇದರಲ್ಲಿ ಪಾದ್ರಿಗಳೇ ಒಂದೇ ಮಾತು ಹೇಳುವುದಿಲ್ಲ. ನಿಮ್ಮ ಸಭೆಯ ಗುರುಗಳನ್ನು ಕೇಳಿ, ಅವರ ಮಾತಿಗೆ ಬೆಲೆ ಕೊಡಿ. ನನಗೆ ನೆನಪಾಗುವುದು ಸಿರಿಯದ ಸೇನಾಪತಿ ನಾಮಾನ. ಕುಷ್ಠ ವಾಸಿಯಾದ ಮೇಲೆ ಇನ್ನು ಯೆಹೋವನನ್ನು ಬಿಟ್ಟು ಬೇರೆ ದೇವರಿಗೆ ಬಲಿ ಕೊಡುವುದಿಲ್ಲ ಅಂದ. ಕೂಡಲೇ ಒಂದು ತಕರಾರು ಹೇಳಿಕೊಂಡ: ನನ್ನ ರಾಜ ರಿಮ್ಮೋನನ ಗುಡಿಗೆ ನನ್ನ ಕೈ ಹಿಡಿದು ಹೋಗುತ್ತಾನೆ, ನಾನೂ ಬಗ್ಗಬೇಕಾಗುತ್ತದೆ, ಅದನ್ನು ಕ್ಷಮಿಸಬೇಕು. ಎಲೀಷ ಉಪದೇಶ ಮಾಡಲಿಲ್ಲ. ಸಮಾಧಾನದಿಂದ ಹೋಗು ಅಂದ (2 ಅರಸು 5). ನಾಮಾನ ಅಡಗಿಸದೆ ಮುಂಚೆಯೇ ಹೇಳಿದ್ದು ನನಗೆ ದೊಡ್ಡದಾಗಿ ಕಾಣುತ್ತದೆ. ನೆರೆಯವರ ಅಂಗಳದಲ್ಲಿ ಕೂತು ಊಟ ಮಾಡಿ ಬರುವುದಕ್ಕೂ, ಗಂಡಾಂತರ ಬಂದಾಗ ಗುಟ್ಟಾಗಿ ಹರಕೆ ಹೇಳಿ ಭಾನುವಾರ ಏನೂ ಆಗದ ಹಾಗೆ ಪೂಜೆಗೆ ಬರುವುದಕ್ಕೂ ತುಂಬಾ ದೂರ. ಎರಡನೆಯದು ಎರಡು ಮನಸ್ಸು.

ತಪ್ಪು ಮಾಡಿದ್ದೇನೆ. ಪಾಪನಿವೇದನೆ ಮಾಡಿದೆ. ಇನ್ನು ಮುಗಿಯಿತಲ್ವಾ?

ದುಡ್ಡಿನ ವಿಷಯ ಆಗಿದ್ದರೆ ಮುಗಿದಿಲ್ಲ. ಯೆರಿಕೋವಿನ ಜಕ್ಕಾಯ, ಯೇಸು ತನ್ನ ಮನೆಗೆ ಬಂದ ದಿನವೇ ಲೆಕ್ಕ ಹೇಳಿದ. ಆಸ್ತಿಯ ಅರ್ಧ ಬಡವರಿಗೆ, ಮೋಸ ಮಾಡಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸು (ಲೂಕ 19). ಧರ್ಮಶಾಸ್ತ್ರದಲ್ಲಿ ಕದ್ದು ಕೊಂದ ಕುರಿಗೆ ನಾಲ್ಕು ಕುರಿ. ವಂಚನೆಯನ್ನು ತಾನಾಗಿ ಒಪ್ಪಿಕೊಂಡರೆ ಮೂಲದ ಜೊತೆ ಐದನೇ ಒಂದು ಭಾಗ. ಜಕ್ಕಾಯ ಕಡಿಮೆಯದನ್ನು ಆರಿಸಬಹುದಿತ್ತು, ಆರಿಸಲಿಲ್ಲ.

ಕೊಡಬೇಕಾದವನು ಸತ್ತುಹೋಗಿದ್ದರೆ? ಇದನ್ನು ತುಂಬಾ ಜನ ಕೇಳುತ್ತಾರೆ. ಅರಣ್ಯಕಾಂಡ 5:8ರಲ್ಲಿ ಇದಕ್ಕೂ ವ್ಯವಸ್ಥೆ ಇದೆ. ಹತ್ತಿರದ ಬಂಧುವಿಗೆ ಕೊಡಿ. ಬಂಧುವೂ ಇಲ್ಲದಿದ್ದರೆ ಅದು ದೇವರಿಗೆ ಸೇರುತ್ತದೆ. ಇವತ್ತಿನ ಲೆಕ್ಕದಲ್ಲಿ ಬಡವರಿಗೆ ಕೊಟ್ಟರೆ ಸರಿ. ಜಾಗದ ಗಡಿಕಲ್ಲು ಸರಿಸಿದ್ದರೆ ಸರ್ವೆಯವರನ್ನು ಕರೆಸಿ ವಾಪಸು ಹಾಕಿ. ಮುಜುಗರ ಆಗುತ್ತದೆ. ಬೇಲಿಯ ಆಚೆಯವನು ನಕ್ಕರೂ ನಗಬಹುದು.

ಕ್ಷಮೆಗೆ ಇದು ಬೆಲೆಯಾ ಅಂದರೆ, ಇಲ್ಲ. ಜಕ್ಕಾಯ ಲೆಕ್ಕ ಹೇಳುವ ಮೊದಲೇ ಯೇಸು ಅವನ ಮನೆಗೆ ಬರುತ್ತೇನೆ ಅಂದಾಗಿತ್ತು.

ಗಲ್ಫಿನ ಕೆಲಸಕ್ಕೆ ಏಜೆಂಟ್ ಸುಳ್ಳು ಅನುಭವದ ಸರ್ಟಿಫಿಕೇಟ್ ಮಾಡಿಕೊಡುತ್ತೇನೆ ಅನ್ನುತ್ತಾನೆ. ಮನೆಯ ಪರಿಸ್ಥಿತಿ ಕಷ್ಟ.

ಮಾಡಿಸಬೇಡ ತಮ್ಮಾ. ಕಷ್ಟ ನಿಜ, ಗೊತ್ತು. ಆದರೆ ವೆಲ್ಡಿಂಗ್ ಗೊತ್ತಿಲ್ಲದವನು ವೆಲ್ಡರ್ ಅಂತ ಹೋದರೆ ಅಲ್ಲಿ ಪೆಟ್ಟಾಗುವುದು ಅವನಿಗೆ, ಇಲ್ಲವೇ ಪಕ್ಕದವನಿಗೆ. ಸಿಕ್ಕಿಬಿದ್ದರೆ ಪಾಸ್‌ಪೋರ್ಟೂ ಸಾಲವೂ ಎರಡೂ ಕುತ್ತಿಗೆಗೆ. ಗೊತ್ತಿರುವ ಕೆಲಸವನ್ನು ಇದ್ದ ಹಾಗೇ ಬರೆದು ಅರ್ಜಿ ಹಾಕು. ಈಗಾಗಲೇ ಕೆಲಸದಲ್ಲಿದ್ದು, ಅಲ್ಲಿ ಸುಳ್ಳು ಬಿಲ್ ಬರೆಯಲು ಹೇಳುತ್ತಾರೆ ಅನ್ನುವವರಿಗೆ ಲೂಕ 3ನೇ ಅಧ್ಯಾಯ. ಸುಂಕದವರೂ ಸೈನಿಕರೂ ಏನು ಮಾಡಬೇಕು ಅಂತ ಕೇಳಿದಾಗ ಸ್ನಾನಿಕ ಯೋಹಾನ ಕೆಲಸ ಬಿಡಿ ಅನ್ನಲಿಲ್ಲ. ಗೊತ್ತುಮಾಡಿದ್ದಕ್ಕಿಂತ ಜಾಸ್ತಿ ವಸೂಲು ಮಾಡಬೇಡಿ, ಯಾರನ್ನೂ ಹೆದರಿಸಿ ಕೀಳಬೇಡಿ, ಸಂಬಳದಲ್ಲಿ ತೃಪ್ತರಾಗಿರಿ ಅಂದ. ಹಾಗೆ ಇರಲು ಬಿಡದ ಕಡೆ ಮಾತ್ರ ಬೇರೆ ಕೆಲಸ ಹುಡುಕಬೇಕಾಗುತ್ತದೆ.

ಮಕ್ಕಳಿಗೆ ಯಥಾರ್ಥತೆ ಹೇಗೆ ಕಲಿಸುವುದು?

ಸಾಲ ಕೊಟ್ಟವರು ಫೋನ್ ಮಾಡಿದಾಗ ಅಪ್ಪ ಮನೆಯಲ್ಲಿಲ್ಲ ಅಂತ ಮಗುವಿನ ಕೈಯಲ್ಲಿ ಹೇಳಿಸಬೇಡಿ. ಇಷ್ಟರಿಂದ ಶುರು ಮಾಡಿದರೆ ಸಾಕು.

ಮಗಳು ಮಲಯಾಳಂ ಮೀಡಿಯಂ. ಕನ್ನಡ ಬೈಬಲ್ ಓದಲು ಬರುವುದಿಲ್ಲ. ಏನು ಮಾಡುವುದು?

ಮಲಯಾಳದಲ್ಲೇ ಓದಲಿ. ಅಜ್ಜಿ ಕನ್ನಡದಲ್ಲಿ ಓದಲಿ, ಮಗಳು ಅದೇ ವಚನ ಮಲಯಾಳದಲ್ಲಿ ಓದಲಿ. ಫೋನಿನಲ್ಲಿ ಎರಡೂ ಭಾಷೆಯ ಬೈಬಲ್ ಉಚಿತವಾಗಿ ಸಿಗುತ್ತದೆ, ಕನ್ನಡದ್ದು ಕೇಳಲೂ ಸಿಗುತ್ತದೆ. ಮೊದಲು 15ನೇ ಕೀರ್ತನೆ, ಆಮೇಲೆ 26, ಅದಾದ ಮೇಲೆ ಯೋಬನ ಮೊದಲ ಎರಡು ಅಧ್ಯಾಯ, ಮತ್ತಾಯ 5ರಿಂದ 7, ಲೂಕ 18 ಮತ್ತು 19. ಯೋಬನ ನಡುವಿನ ಅಧ್ಯಾಯಗಳು ದೊಡ್ಡವರಿಗೇ ಸುಸ್ತು ಮಾಡುತ್ತವೆ. ಅವನ್ನು ದೊಡ್ಡ ರಜೆಗೆ ಇಟ್ಟುಕೊಳ್ಳಿ.